ಜೈನಬಳ ಮಾತು, ಸೆನೆಟ್ಟಿನ ಗದ್ದುಗೆ

ಸಾಹಿತಿ ರಾಜಕಾರಣಕ್ಕೆ ಇಳಿದನೆಂದರೆ ಸಾಹಿತ್ಯಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂಬ ಮಾತು ನಮ್ಮಲ್ಲಿ ಬಹಳ ದಿನದಿಂದ ಬಳಕೆಯಲ್ಲಿದೆ. ಕವಿಯೊಬ್ಬ ಚುನಾವಣೆಗೆ ನಿಂತರೆ, ಕಾದಂಬರಿಕಾರನೊಬ್ಬ ಮೇಲ್ಮನೆಗೆ ಹೋದರೆ, ಮಿತ್ರರು ಅಭಿನಂದನೆಯ ಹಾರದೊಡನೆ ಸಂತಾಪವನ್ನೂ ಸೂಚಿಸುವುದುಂಟು. ಈ ಮಾತಿನ ಬೆನ್ನಿಗೆ ಒಂದು ನಂಬಿಕೆಯಿದೆ. ಬರೆಯುವಾಗ ಆತ ಶುದ್ಧನಾಗಿದ್ದ, ಗದ್ದುಗೆ ಏರಿದ ಮೇಲೆ ಕೆಟ್ಟ ಎಂಬುದೇ ಆ ನಂಬಿಕೆ. ಅದನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಅರಬ್ಬೀ ಭಾಷೆಯ ‘ಜೈನಬ್’ ಕಾದಂಬರಿಗಿಂತ ಒಳ್ಳೆಯ ಪುಸ್ತಕ ನನಗೆ ತೋರಿಲ್ಲ. ಅರಬ್ಬೀ ಸಾಹಿತ್ಯದ ಚರಿತ್ರಕಾರರಲ್ಲಿ ಅನೇಕರು ಆ ಭಾಷೆಯ ಮೊದಲ ನಿಜವಾದ ಕಾದಂಬರಿ ಇದೇ ಎನ್ನುತ್ತಾರೆ. ಇದನ್ನು ಬರೆದ ಮಹಮ್ಮದ್ ಹುಸೇನ್ ಹೈಕಲ್ (1888–1956) ಮುಂದೆ ಪತ್ರಿಕಾ ಸಂಪಾದಕರಾದರು, ಮಂತ್ರಿಗಳಾದರು, ಪಕ್ಷದ ಅಧ್ಯಕ್ಷರಾದರು. 1945ರಿಂದ 1950ರವರೆಗೆ ಈಜಿಪ್ತಿನ ಸೆನೆಟ್ಟಿನ ಅಧ್ಯಕ್ಷಪೀಠದಲ್ಲಿ ಕುಳಿತರು. (ನಾಸರರ ಆಪ್ತರಾಗಿದ್ದ ಪತ್ರಕರ್ತ ಹೈಕಲ್ ಬೇರೆ ವ್ಯಕ್ತಿ. ಹೆಸರಿನ ಸಾಮ್ಯದಿಂದ ಅನೇಕರು ಮೋಸಹೋಗುತ್ತಾರೆ.)

ರಾಯಚೂರಿನಲ್ಲಿ ಕುಳಿತು ನೈಲ್ ನದಿಯ ದಂಡೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಹತ್ತಿಗಾಗಿ, ಎಂದು ಉತ್ತರ ಕೊಡುತ್ತೇನೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲಂಕಾಷೈರಿನ ಗಿರಣಿಗಳಿಗೆ ಅರಳೆ ಬರುವುದು ನಿಂತುಹೋದಾಗ, ಆ ಗಿರಣಿಗಳ ಕಣ್ಣು ಬಿದ್ದುದು ಎರಡು ಕಡೆ: ಒಂದು ನೈಲ್ ನದಿಯ ಮುಖಜಭೂಮಿ, ಇನ್ನೊಂದು ಹಿಂದುಸ್ಥಾನದ ಎರೆಭೂಮಿ. ಮುಂಬಯಿಯಿಂದ ಬಂದ ರೈಲುಹಳಿ ಮದರಾಸಿನಿಂದ ಬಂದ ಹಳಿಯನ್ನು 1871ರಲ್ಲಿ ಕೂಡಿಕೊಂಡದ್ದು ನಮ್ಮ ಊರಿನಲ್ಲೇ. ಇಂದಿಗೂ ಸುಗ್ಗಿಯ ಕಾಲದಲ್ಲಿ ರಾಜೇಂದ್ರ ಗಂಜಿನ ಕಡೆ ಹೋದವರು ಮೈಮೇಲೆ ಅರಳೆಯ ಎಳೆ ಅಂಟಿಸಿಕೊಳ್ಳದೆ ಮನೆಗೆ ಬರುವಂತಿಲ್ಲ. ದೇವದುರ್ಗದ ಕಡೆಯ, ಮಾನ್ವಿಯ ಕಡೆಯ ಹೆಣ್ಣುಮಕ್ಕಳು ಬೆಳಗಿನ ಚಳಿಯಲ್ಲಿ ಸೆರಗು ಬಿಗಿದು ಹತ್ತಿ ಬಿಡಿಸಲು ಹೋಗುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ! ‘ಜೈನಬ್’ ಆರಂಭವಾಗುವುದೂ ಅಂಥ ಒಂದು ಬೆಳಗಿನಲ್ಲೇ. ಹುಡುಗಿ ಏಳುತ್ತಾಳೆ, ಮನೆಯವರನ್ನು ಎಬ್ಬಿಸುತ್ತಾಳೆ, ಹತ್ತಿಯ ಹೊಲಕ್ಕೆ ಕೂಲಿಗೆ ಹೊರಡುತ್ತಾಳೆ. ಆ ಹೆಸರೂ ನಮಗೆ ಪರಕೀಯವಲ್ಲ. ನಮ್ಮ ಓಣಿಗಳಲ್ಲಿ ಅದು ಜೈನಾಬಿ ಆಗಿದೆ, ಅಷ್ಟೆ.

ಕಥೆ ಸರಳವಾದುದು. ಜೈನಬ್ ಬಡವರ ಮಗಳು. ಹೊಲದ ಕೆಲಸದ ಮೇಲ್ವಿಚಾರಣೆ ನೋಡುವ, ಆದರೆ ತಾನೂ ಬಡವನೇ ಆದ ಇಬ್ರಾಹಿಮನಿಗೆ ಅವಳು ಮನಸ್ಸು ಕೊಟ್ಟಿದ್ದಾಳೆ. ತಂದೆತಾಯಿಗಳು ಸ್ವಲ್ಪ ಅನುಕೂಲಸ್ಥನಾದ ಹಸನ್ ಎಂಬುವನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಹಸನ್ ಕೆಟ್ಟವನಲ್ಲ, ಇದು ಕಾದಂಬರಿಯ ದೊಡ್ಡ ಗುಣಗಳಲ್ಲಿ ಒಂದು. ಇಬ್ರಾಹಿಮನಿಗೆ ಸೈನ್ಯದ ಕರೆ ಬರುತ್ತದೆ. ಇಪ್ಪತ್ತು ಪೌಂಡು ಕಟ್ಟಿದವರಿಗೆ ಆ ಕರೆಯಿಂದ ಬಿಡುಗಡೆಯುಂಟು. ಇವನ ಬಳಿ ಅಷ್ಟು ಹಣವೆಲ್ಲಿಂದ ಬರಬೇಕು? ಸೂಡಾನಿಗೆ ಹೋಗುತ್ತಾನೆ. ಅವನ ಒಂದು ಕರವಸ್ತ್ರ ಇವಳ ಬಳಿ ಉಳಿಯುತ್ತದೆ. ಜೈನಬ್ ಕ್ಷಯದಿಂದ ಸಾಯುತ್ತಾಳೆ, ಆ ಕರವಸ್ತ್ರವನ್ನು ತನ್ನೊಡನೆ ಮಣ್ಣಿಗೆ ಹಾಕಿರೆಂದು ಕೇಳಿಕೊಂಡು. ಇದಕ್ಕೆ ಪಕ್ಕದಲ್ಲೇ ಇನ್ನೊಂದು ಎಳೆ: ಜಮೀನ್ದಾರರ ಮಗ ಹಾಮಿದ್. ಕೈರೋದಲ್ಲಿ ಓದುತ್ತಾನೆ, ರಜೆಗೆ ಊರಿಗೆ ಬರುತ್ತಾನೆ. ದಾಯಾದಿ ಅಜೀಜಾಳ ಮೇಲೆ ಅವನಿಗೆ ಪ್ರೇಮ. ಹೊಲದಲ್ಲಿ ಕಂಡ ಜೈನಬಳ ಮೇಲೂ ಒಂದು ಬಗೆಯ ಸೆಳೆತ. ಅಜೀಜಾಳಿಗೂ ಮದುವೆಯಾಗಿಹೋಗುತ್ತದೆ. ಹಾಮಿದ್ ತಂದೆಗೆ ದೀರ್ಘವಾದ ಪತ್ರವೊಂದನ್ನು ಬರೆದು ಊರು ಬಿಡುತ್ತಾನೆ, ಮತ್ತೆ ಕಾಣಿಸುವುದಿಲ್ಲ.

ಹೈಕಲ್ ಇದನ್ನು ಬರೆದದ್ದು 1910–11ರ ಸುಮಾರಿಗೆ, ಬಹುಪಾಲು ಪ್ಯಾರಿಸ್ಸಿನಲ್ಲಿ, ನ್ಯಾಯಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ. ಊರಿನ ನೆನಪು ಕಾಡುತ್ತಿದ್ದ ಇಪ್ಪತ್ತೆರಡರ ಹುಡುಗ. ಅವರ ಹುಟ್ಟೂರು ದಕಹ್ಲಿಯಾ ಪ್ರಾಂತದ ಕಫ್ರ್ ಗನ್ನಾಮ್; ಮನೆತನ ಜಮೀನುಳ್ಳದ್ದು. ಅಂದರೆ ಹಾಮಿದ್ ಬೇರಾರೂ ಅಲ್ಲ, ಬರೆದವರೇ. 1913ರಲ್ಲಿ ಪುಸ್ತಕ ಅಚ್ಚಾದಾಗ ಮುಖಪುಟದ ಮೇಲೆ ಕರ್ತೃವಿನ ಹೆಸರಿರಲಿಲ್ಲ. ‘ಮಿಸ್ರಿ ಫಲ್ಲಾಹ್’ ಎಂದು ಇತ್ತು. ಈಜಿಪ್ತಿನ ಒಬ್ಬ ರೈತ ಎಂದರ್ಥ. ವಕೀಲಿ ಆರಂಭಿಸುವ ತರುಣ ಪ್ರೇಮಕಥೆ ಬರೆದನೆಂದರೆ ಕಕ್ಷಿದಾರರು ಏನೆಂದುಕೊಂಡಾರು ಎಂಬ ಅಳುಕು ಇತ್ತೆಂದು 1929ರ ಮುದ್ರಣದ ಮುನ್ನುಡಿಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅದರೊಡನೆ ಒಂದು ಅಭಿಮಾನವೂ ಇತ್ತು. ತುರ್ಕಿ ಮೂಲದ ಮೇಲುವರ್ಗದವರು ಫಲ್ಲಾಹ್ ಎಂಬ ಶಬ್ದವನ್ನು ಬೈಗುಳದಂತೆ ಬಳಸುತ್ತಿದ್ದ ಕಾಲ ಅದು. ಅದನ್ನೇ ಬಿರುದಿನಂತೆ ಮುಡಿದುಕೊಳ್ಳುವ ಧೈರ್ಯ ಸಣ್ಣದಲ್ಲ. ಆದರೂ ಪತ್ರಿಕೆಯ ಸಂಪಾದಕನಾಗಿ, ಹೆಸರು ಗಟ್ಟಿಯಾದ ಮೇಲಷ್ಟೇ ನಿಜನಾಮ ಮುಖಪುಟಕ್ಕೆ ಬಂದಿತು. ಮರುವರ್ಷ, 1930ರಲ್ಲಿ, ಮಹಮ್ಮದ್ ಕರೀಮ್ ಅದನ್ನು ಮೂಕಿ ಚಿತ್ರವಾಗಿ ತೆರೆಗೆ ತಂದರು.

ನನಗೆ ಅರಬ್ಬೀ ಬಾರದು. ನಾನು ಓದಿದ್ದು 1989ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಿನ್‌ಸ್ಟೆಡ್ ಅವರ ಇಂಗ್ಲಿಷ್ ಅನುವಾದ. ಇಂಗ್ಲಿಷಿನಲ್ಲಿ ಎಲ್ಲರ ಮಾತೂ ಒಂದೇ ಹದದಲ್ಲಿದ್ದುದರಿಂದ ಸಂಶಯ ಬಂದು, ಮೂಲವನ್ನು ಹಿಡಿದುಕೊಂಡು ನಮ್ಮೂರಿನ ಹಿರಿಯ ಮೌಲ್ವಿ ಸಾಹೇಬರೊಬ್ಬರ ಬಳಿ ಕುಳಿತೆ. ಅವರು ಎರಡು ಪುಟ ರಾಗವಾಗಿ ಓದಿದರು. ಮೂರನೆಯ ಪುಟದಲ್ಲಿ ಸಂಭಾಷಣೆ ಬಂದಾಗ ತಡವರಿಸಿ ಕನ್ನಡಕ ತೆಗೆದರು. “ಸಾಹೇಬ್ರೆ, ಇದು ಕಿತಾಬಿನ ಅರಬ್ಬಿ ಅಲ್ಲ. ಬಜಾರದ ಅರಬ್ಬಿ. ನಮಗ ಮದರಸಾದಾಗ ಇದನ್ನ ಯಾರೂ ಕಲಿಸಲಿಲ್ಲ” ಎಂದರು. ಈ ಕಾದಂಬರಿಯ ಸಾಹಸವೆಲ್ಲ ಆ ಒಂದು ತಡವರಿಕೆಯಲ್ಲಿತ್ತು. ಸಾವಿರ ವರ್ಷಕ್ಕೂ ಮಿಕ್ಕಿ ಪಂಡಿತರ ಕೈಯಲ್ಲಿ ಕಾಯ್ದುಕೊಂಡು ಬಂದ ಗ್ರಾಂಥಿಕ ಅರಬ್ಬಿಯ ನಡುವೆ, ನೈಲ್ ದಂಡೆಯ ಕೂಲಿಯವರು ತಮ್ಮ ಆಡುಮಾತಿನಲ್ಲೇ ಮಾತಾಡುತ್ತಾರೆ. ಅವ್ವ ಮಗಳಿಗೆ ಹೇಗೆ ಹೇಳುವಳೋ ಹಾಗೆಯೇ ಅಚ್ಚಾಗಿದೆ. ಕನ್ನಡದಲ್ಲಿ ಹಳ್ಳಿಯ ಮಾತು ಕಾದಂಬರಿಯೊಳಕ್ಕೆ ಬರಲು ಎಷ್ಟು ಸಂಕೋಚಪಟ್ಟಿತು ಎಂಬುದನ್ನು ಬಲ್ಲ ನಮಗೆ ಇದರ ಬೆಲೆ ಗೊತ್ತಾಗಬೇಕು.

ಆದರೆ ಇಲ್ಲೇ ಒಂದು ಹೊಲಿಗೆ ಕಾಣಿಸುತ್ತದೆ. ಜೈನಬ್ ಬಾಯಿಬಿಟ್ಟು ಆಡುವುದು ತನ್ನ ಮಾತಿನಲ್ಲಿ. ಆದರೆ ಅವಳು ಒಳಗೇ ಯೋಚಿಸುವಾಗ? ಆಗ ಭಾಷೆ ಬದಲಾಗುತ್ತದೆ. ಬೆಳದಿಂಗಳು, ನಿಟ್ಟುಸಿರು, ಪ್ರಕೃತಿಯ ಮಡಿಲು, ಹೃದಯದ ಸ್ವಾತಂತ್ರ್ಯ—ಇವೆಲ್ಲ ಪ್ಯಾರಿಸ್ಸಿನಲ್ಲಿ ರೂಸೋನನ್ನು ಓದುತ್ತಿದ್ದ ತರುಣನ ಭಾಷೆ. ಗ್ರಾಂಥಿಕ ಅರಬ್ಬಿಯಲ್ಲಿ, ಪುಟಗಟ್ಟಲೆ, ಆ ಹುಡುಗಿಯ ಮನಸ್ಸನ್ನು ಆತ ತುಂಬಿಕೊಡುತ್ತಾನೆ. ಮಾತಿನ ಹಕ್ಕು ಕೂಲಿಯವರಿಗೆ ಸಿಕ್ಕಿದೆ. ಚಿಂತನೆಯ ಹಕ್ಕು ಧಣಿಯ ಮಗನ ಬಳಿಯೇ ಉಳಿದಿದೆ. ಕಾದಂಬರಿಯ ಅತ್ಯಂತ ದೀರ್ಘವಾದ ವಿಚಾರಲಹರಿ ಯಾವುದು? ಹಾಮಿದ್ ತಂದೆಗೆ ಬರೆದ ಪತ್ರ. ಮದುವೆಯ ಪದ್ಧತಿ, ಸಮಾಜದ ಕಟ್ಟುಪಾಡು ಎಲ್ಲದರ ವಿಮರ್ಶೆಯೂ ಅವನದೇ. ಇಬ್ರಾಹಿಮ್ ಸೂಡಾನಿಗೆ ಹೊರಡುವ ಅಧ್ಯಾಯ ಮಾತ್ರ ಇದಕ್ಕೆ ಅಪವಾದ. ಇಪ್ಪತ್ತು ಪೌಂಡು ಇದ್ದವನು ಮನೆಯಲ್ಲಿ, ಇಲ್ಲದವನು ಮರಳುಗಾಡಿನಲ್ಲಿ ಎಂಬ ಅನ್ಯಾಯದ ಮುಂದೆ ಲೇಖಕನ ಗದ್ಯ ತನ್ನ ಅಲಂಕಾರಗಳನ್ನು ಕಳಚಿ ನಿಲ್ಲುತ್ತದೆ. ಇಡೀ ಪುಸ್ತಕ ಹೀಗಿದ್ದರೆ ಎನ್ನಿಸುವುದು ಇಲ್ಲಿಯೇ.

ಎಂ.ಎ. ತರಗತಿಯಲ್ಲಿ ತೌಲನಿಕ ಸಾಹಿತ್ಯದ ಪಾಠಕ್ಕೆಂದು ಈ ಕಥೆಯನ್ನು ಹೇಳಿದೆ. ದೇವದುರ್ಗ ತಾಲೂಕಿನಿಂದ ಬರುವ ಒಬ್ಬ ವಿದ್ಯಾರ್ಥಿನಿ, ರಜೆಯಲ್ಲಿ ತಾನೂ ಹತ್ತಿ ಬಿಡಿಸಲು ಹೋಗುವವಳು, ಎದ್ದು ನಿಂತು ಕೇಳಿದಳು: “ಸರ್, ಆಕಿಗಿ ದಿನಕ್ಕ ಎಷ್ಟು ಕೂಲಿ ಕೊಡ್ತಿದ್ರು?” ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ‘ಜೈನಬ್’ ಕುರಿತು ನಾನು ಓದಿದ ವಿಮರ್ಶೆಗಳಲ್ಲಿ ರೂಸೋ ಇದ್ದಾನೆ, ರಾಷ್ಟ್ರೀಯತೆ ಇದೆ, ಪಾಶ್ಚಾತ್ಯ ಪ್ರಭಾವ ಇದೆ; ಈ ಪ್ರಶ್ನೆ ಇಲ್ಲ. ಬೆಳಗಿನ ಬಣ್ಣಗಳಿಗೆ ಹೈಕಲ್ ಕೊಟ್ಟಷ್ಟು ಪುಟಗಳನ್ನು ಜಮೀನ್ದಾರನ ಲೆಕ್ಕದ ಪುಸ್ತಕಕ್ಕೆ ಕೊಡಲಿಲ್ಲ. ಈಜಿಪ್ತಿನ ಸರಕಾರೀ ಸಾಲದ ವಿಷಯದಲ್ಲೇ ಮಹಾಪ್ರಬಂಧ ಬರೆದು 1912ರಲ್ಲಿ ಪ್ಯಾರಿಸ್ಸಿನಿಂದ ಡಾಕ್ಟರೇಟ್ ತಂದವರು ಅವರು, ಲೆಕ್ಕ ಬಾರದವರಲ್ಲ!

ಇನ್ನು ಅವರ ರಾಜಕಾರಣ. ಹತ್ತು ವರ್ಷ ಮನ್ಸೂರಾದಲ್ಲಿ ವಕೀಲಿ ನಡೆಸಿ 1922ರಲ್ಲಿ ಉದಾರ ಸಂವಿಧಾನವಾದಿ ಪಕ್ಷದ ಮುಖವಾಣಿಯಾದ ‘ಅಸ್ಸಿಯಾಸಾ’ ಪತ್ರಿಕೆಯ ಸಂಪಾದಕರಾದರು. ಆ ಹೆಸರಿನ ಅರ್ಥ ರಾಜಕಾರಣ ಎಂದು. ಹೈದರಾಬಾದಿನ ‘ಸಿಯಾಸತ್’ ಬಲ್ಲ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಷದ ಹೆಸರಿನಲ್ಲಿ ಉದಾರವೂ ಇದೆ, ಸಂವಿಧಾನವೂ ಇದೆ. ಆದರೆ ಅದರ ಬುಡ ಇದ್ದದ್ದು ದೊಡ್ಡ ಜಮೀನ್ದಾರರಲ್ಲಿ, ಓದಿದ ಮೇಲ್ವರ್ಗದವರಲ್ಲಿ. ಹಳ್ಳಿಗಳ ಮತವೆಲ್ಲ ವಫ್ದ್ ಪಕ್ಷದ್ದು. 1928ರಲ್ಲಿ ಈ ಪಕ್ಷದ ಮಹಮ್ಮದ್ ಮಹಮೂದ್ ಪ್ರಧಾನಿಯಾಗಿ ಪಾರ್ಲಿಮೆಂಟನ್ನು ಅಮಾನತ್ತಿನಲ್ಲಿಟ್ಟಾಗ ಹೈಕಲರ ಪತ್ರಿಕೆ ಅವರ ಬೆಂಬಲಕ್ಕೆ ನಿಂತಿತು. ಎರಡು ವರ್ಷದ ಮೇಲೆ ಇಸ್ಮಾಯಿಲ್ ಸಿದ್ಕಿ 1923ರ ಸಂವಿಧಾನವನ್ನೇ ಕಿತ್ತುಹಾಕಿದಾಗ ಅದೇ ಹೈಕಲ್ ಅದನ್ನು ಗಟ್ಟಿಯಾಗಿ ವಿರೋಧಿಸಿದರು ಎಂಬುದನ್ನೂ ಹೇಳಬೇಕು. ಆಳು ಹೇಡಿಯಲ್ಲ. ಜನಕ್ಕಾಗಿ ಓದಿದವರು ಯೋಚಿಸಬೇಕು, ಜನ ಆಮೇಲೆ ಬರಲಿ ಎಂಬುದು ಅವರ ಪ್ರಾಮಾಣಿಕವಾದ ನಿಲುವಾಗಿತ್ತು. ಹಾಮಿದನ ನಿಲುವೂ ಅದೇ.

ಈ ಅವಧಿಯಲ್ಲಿ ಅವರ ಲೇಖನಿ ನಿಲ್ಲಲಿಲ್ಲ. 1935ರಲ್ಲಿ ಬಂದ ಪೈಗಂಬರರ ಜೀವನಚರಿತ್ರೆ ಅರಬ್ಬೀ ಜಗತ್ತಿನ ಮನೆಮನೆ ಸೇರಿತು. ‘ಜೈನಬ್’ ಓದದವರೂ ಅದನ್ನು ಓದಿದ್ದಾರೆ. ಅಂದು ನಮ್ಮ ಮೌಲ್ವಿ ಸಾಹೇಬರು ಹೈಕಲರ ಹೆಸರು ಕೇಳಿ ಕಣ್ಣರಳಿಸಿದ್ದು ಅದರಿಂದಲೇ. ಆದರೆ ಕಾದಂಬರಿ ಮಾತ್ರ ನಲವತ್ತು ವರ್ಷ ಬರಲಿಲ್ಲ. 1938ರಲ್ಲಿ ವಿದ್ಯಾಮಂತ್ರಿಗಳಾದರು, ಮುಂದೆಯೂ ಆ ಖಾತೆಯನ್ನು ವಹಿಸಿಕೊಂಡರು. ಆಮೇಲೆ ಸೆನೆಟ್ಟು.

ನನ್ನ ವಾದಕ್ಕೆ ಮುಖ್ಯವಾದ ಘಟನೆ ಈ ಸೆನೆಟ್ಟಿನಲ್ಲೇ ನಡೆದದ್ದು. 1944ರಲ್ಲಿ ಮಹಮ್ಮದ್ ಖತ್ತಾಬ್ ಎಂಬ ಸದಸ್ಯರು ಅಲ್ಲೊಂದು ಮಸೂದೆ ಮಂಡಿಸಿದರು. 50 ಫೆದ್ದಾನಿಗಿಂತ ಹೆಚ್ಚು ಭೂಮಿಯನ್ನು ಇನ್ನು ಮುಂದೆ ಯಾರೂ ಗಳಿಸಬಾರದು ಎಂಬುದು ಅದರ ಸಾರ. (ಫೆದ್ದಾನ್ ಎಂದರೆ ನಮ್ಮ ಎಕರೆಗಿಂತ ಕೊಂಚ ಹೆಚ್ಚು.) ಆಗಲೇ ಇದ್ದವರ ಜಮೀನನ್ನು ಕಸಿಯುವ ಮಾತು ಅದರಲ್ಲಿರಲಿಲ್ಲ. ಅಷ್ಟು ಸೌಮ್ಯವಾದ ಮಸೂದೆಯನ್ನೂ ಸಮಿತಿಗಳಲ್ಲಿ ಎಳೆದಾಡಿ 1947ರಲ್ಲಿ ಸೆನೆಟ್ ತಳ್ಳಿಹಾಕಿತು. ಆಗ ಅಧ್ಯಕ್ಷಪೀಠದಲ್ಲಿದ್ದವರು ‘ಮಿಸ್ರಿ ಫಲ್ಲಾಹ್’. ಆ ಸೋಲಿನ ಹೊಣೆಯನ್ನು ಅವರೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಒಂದು ಸಭೆಯ ತೀರ್ಮಾನ ಅದು. ಆದರೆ ಅವರೆದುರು ಸಾಲಾಗಿ ಕುಳಿತಿದ್ದವರು ಯಾರು? ಹಾಮಿದನ ತಂದೆಯಂಥವರು. ಕಾದಂಬರಿಯಲ್ಲಿ ಆ ತಂದೆ ಸಜ್ಜನ. ಆತನ ಹೊಲದಲ್ಲಿ ಕೂಲಿಯವರು ದುಡಿಯುತ್ತಾರೆ, ಹಾಡುತ್ತಾರೆ, ಸಾಯುತ್ತಾರೆ. ಹೊಲ ಏಕೆ ಆತನದು ಎಂದು ಯಾರೂ ಕೇಳುವುದಿಲ್ಲ. 1913ರಲ್ಲಿ ಪುಸ್ತಕ ಕೇಳದ ಪ್ರಶ್ನೆಯನ್ನು 1947ರಲ್ಲಿ ಸೆನೆಟ್ಟೂ ಕೇಳಲಿಲ್ಲ. ಹೀಗಿರುವಾಗ ರಾಜಕಾರಣ ಈ ಸಾಹಿತಿಯನ್ನು ಕೆಡಿಸಿತು ಎನ್ನುವುದು ಹೇಗೆ? ಸೆನೆಟ್ಟಿನ ಅಧ್ಯಕ್ಷರು ಆ ಕಾದಂಬರಿಯೊಳಗೆ ಮೊದಲೇ ಕುಳಿತಿದ್ದರು. 1952ರಲ್ಲಿ ಸೈನ್ಯದ ಅಧಿಕಾರಿಗಳು ರಾಜನನ್ನು ಓಡಿಸಿ, ಅದೇ ಸೆಪ್ಟೆಂಬರಿನಲ್ಲಿ 200 ಫೆದ್ದಾನುಗಳ ಮಿತಿ ಹಾಕಿದರು. ಮರುವರ್ಷ ಪಕ್ಷಗಳನ್ನೆಲ್ಲ ವಿಸರ್ಜಿಸಿದರು. ಹೈಕಲರ ರಾಜಕೀಯ ಜೀವನ ಅಲ್ಲಿಗೆ ಮುಗಿಯಿತು.

ಅದೇ ನಾಡಿನ, ಅದೇ ಖಾತೆಯ ಇನ್ನೊಬ್ಬ ಸಾಹಿತಿ ತಾಹಾ ಹುಸೇನ್. ಕುರುಡರು, ಬಡ ಮನೆಯವರು. 1950ರಿಂದ 1952ರವರೆಗೆ ಮಾತ್ರ ವಿದ್ಯಾಮಂತ್ರಿಗಳಾಗಿದ್ದರು. ನೀರು ಗಾಳಿಗಳಂತೆ ವಿದ್ಯೆಯೂ ಎಲ್ಲರಿಗೂ ಸಿಗಬೇಕೆಂದು ಹೇಳುತ್ತಿದ್ದ ಅವರು ಮಾಧ್ಯಮಿಕ ಶಾಲೆಗಳ ಫೀಜನ್ನು ತೆಗೆದುಹಾಕಿದರು. ರಾಜಕಾರಣ ಅವರನ್ನೇಕೆ ಕೆಡಿಸಲಿಲ್ಲ ಎಂದು ಕೇಳಿದರೆ ಉತ್ತರಕ್ಕಾಗಿ ಅವರ ಬಾಲ್ಯದ ಕಥನ ‘ಅಲ್ ಅಯ್ಯಾಮ್’ ಓದಬೇಕು. ಹಳ್ಳಿಯ ಬಡತನ ಆ ಪುಸ್ತಕದಲ್ಲಿ ಯಾವ ಬೆಳದಿಂಗಳೂ ಇಲ್ಲದೆ ಬರುತ್ತದೆ.

ನಮ್ಮ ಕನ್ನಡದಲ್ಲಿ? ಬಸವರಾಜ ಕಟ್ಟೀಮನಿ ತಟ್ಟನೆ ನೆನಪಾಗುತ್ತಾರೆ. 1942ರ ಚಳವಳಿಯಲ್ಲಿ ಹಿಂಡಲಗಿ ಜೈಲು ಕಂಡವರು, ಪತ್ರಕರ್ತರು. 1968ರಿಂದ 1974ರವರೆಗೆ ವಿಧಾನ ಪರಿಷತ್ತಿನಲ್ಲಿದ್ದರು. ‘ಜ್ವಾಲಾಮುಖಿಯ ಮೇಲೆ’ಗೆ ಸೋವಿಯೆತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಅವರ ಕಾದಂಬರಿಗಳಲ್ಲಿ ಭಾಷಣ ಹೆಚ್ಚು, ಅವಸರ ಹೆಚ್ಚು ಎಂಬ ಆಕ್ಷೇಪಣೆಯಿದೆ. ನನಗೂ ಅದು ಒಪ್ಪಿಗೆಯೇ. ಆದರೆ ಆ ದೋಷ ಪರಿಷತ್ತಿನಿಂದ ಬಂದದ್ದಲ್ಲ. ಪರಿಷತ್ತಿಗೆ ಹೋಗುವ ಎಷ್ಟೋ ಮೊದಲೇ ಬರೆದ ಪುಸ್ತಕಗಳಲ್ಲೂ ಅದಿದೆ. ಅದೇ ಪುಸ್ತಕಗಳಲ್ಲಿ ಮಠದ ಒಳಮನೆಯನ್ನೂ ಪತ್ರಿಕಾಲಯದ ಮಾಲೀಕನ ಕೋಣೆಯನ್ನೂ ಬಾಗಿಲು ಒದ್ದು ತೋರಿಸುವ ಎದೆಗಾರಿಕೆಯೂ ಇದೆ. ಇನ್ನು ಕಡಿದಾಳ ಮಂಜಪ್ಪನವರು ಹಿಂದುಮುಂದಾಗಿ ನಡೆದವರು. ಕಂದಾಯ ಮಂತ್ರಿಯಾಗಿ ಗೇಣಿ ಸುಧಾರಣೆಗೆ ದುಡಿದು, 1956ರಲ್ಲಿ ಕೆಲವೇ ವಾರ ಮುಖ್ಯಮಂತ್ರಿಯೂ ಆಗಿ, ಆಮೇಲೆ ‘ಪಂಜರವಳ್ಳಿಯ ಪಂಜು’ವಿನಂಥ ಕಾದಂಬರಿ ಬರೆದರು. ಕಲೆಯ ತಕ್ಕಡಿಯಲ್ಲಿ ಹೈಕಲರ ಪುಸ್ತಕವೇ ತೂಕದ್ದು. ಆದರೆ ಹೊಲ ಯಾರದು ಎಂಬ ಪ್ರಶ್ನೆಯನ್ನು ಮೊದಲು ಕಡತದಲ್ಲಿ ಕೇಳಿ, ಕಥೆಗೆ ಆಮೇಲೆ ಬಂದವರು ಮಂಜಪ್ಪನವರು.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಚರ್ಚೆ ಇನ್ನೂ ಹತ್ತಿರದ್ದು. ಮಾನ್ವಿ ಸೀಮೆಯ ನುಗಡೋಣಿಯಿಂದ ಬಂದ ಅಮರೇಶ ನುಗಡೋಣಿಯವರ ಕಥೆಗಳನ್ನು ‘ಜೈನಬ್’ ಜೊತೆಗಿಟ್ಟು ಓದಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ‘ಸವಾರಿ’ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಚಿತ್ರ ತೆಗೆದದ್ದರಿಂದ ಆ ಕಥೆ ಅನೇಕರಿಗೆ ಗೊತ್ತು. ಅಲ್ಲಿ ಬಡವ ಬಾಯಿಬಿಟ್ಟಾಗ ಮಾತ್ರ ಈ ನೆಲದವನಲ್ಲ, ಕನಸು ಕಂಡಾಗಲೂ ಈ ನೆಲದವನೇ. ಗೌಡರ ಮನೆಯ ಮಗನಿಂದ ಸಾಲ ತಂದ ಮನಸ್ಸು ಅವನದಲ್ಲ. ಹೈಕಲರಿಗಿಂತ ಸುಮಾರು ಎಪ್ಪತ್ತೈದು ವರ್ಷ ಈಚೆಗೆ ಬರೆಯತೊಡಗಿದವರಿಗೆ ಇದು ಸುಲಭವಾಯಿತು ಎನ್ನಬಹುದೇನೋ. ನನಗೆ ಹಾಗನ್ನಿಸುವುದಿಲ್ಲ.

‘ಜೈನಬ್’ನ ಒಂದು ಅಧ್ಯಾಯವನ್ನು, ಇಂಗ್ಲಿಷನ್ನೂ ಮೌಲ್ವಿ ಸಾಹೇಬರನ್ನೂ ಎರಡು ಕೈಗೆ ಹಿಡಿದುಕೊಂಡು, ಕನ್ನಡಿಸಿ ನೋಡಿದೆ. ಅವ್ವ ಮಗಳ ಮಾತು ನಮ್ಮ ಕಡೆಯ ‘ಯವ್ವಾ’, ‘ಹೋಗಬೇ’ಗಳಿಗೆ ತಾನಾಗಿ ಇಳಿದು ಕುಳಿತಿತು. ಒಂದು ಶಬ್ದವನ್ನೂ ತಿಣುಕಬೇಕಾಗಲಿಲ್ಲ. ಮುಂದೆ ಜೈನಬ್ ಒಬ್ಬಳೇ ಕಾಲುವೆಯ ದಂಡೆಯ ಮೇಲೆ ಕುಳಿತು ಯೋಚಿಸುವ ಭಾಗ. ಅದನ್ನು ಎಷ್ಟು ತಿರುವಿಹಾಕಿದರೂ ಮಾನ್ವಿಯ ಕನ್ನಡಕ್ಕೆ ಬರಲೊಲ್ಲದು. ನವೋದಯದ ಭಾವಗೀತೆಯ ಕನ್ನಡಕ್ಕೇ ಹೋಗಿ ನಿಲ್ಲುತ್ತದೆ. ಹಾಗೆಯೇ ಬಿಟ್ಟಿದ್ದೇನೆ. ಅದನ್ನು ತಿದ್ದಿದರೆ ಅದು ಹೈಕಲರ ಪುಸ್ತಕವಾಗಿ ಉಳಿಯುವುದಿಲ್ಲ.

ಗದ್ದುಗೆ ಹೋದ ಮೇಲೆ ಹೈಕಲ್ ಎರಡು ಸಂಪುಟಗಳ ರಾಜಕೀಯ ಸ್ಮರಣೆಗಳನ್ನು ಪ್ರಕಟಿಸಿ ಮುಗಿಸಿದರು, ಮತ್ತೆ ಕಾದಂಬರಿಗೂ ಕೈಹಾಕಿದರು. 1955ರಲ್ಲಿ ಬಂದ ಆ ಕಾದಂಬರಿಯ ಹೆಸರಿಗೆ ‘ಅವಳನ್ನು ಹುಟ್ಟಿಸಿದ್ದೇ ಹೀಗೆ’ ಎಂಬಂಥ ಅರ್ಥ ಬರುತ್ತದೆ. ಇದರಲ್ಲಿ ಕಥೆಯನ್ನೆಲ್ಲ ಹೆಣ್ಣೇ ಉತ್ತಮಪುರುಷದಲ್ಲಿ ಹೇಳುತ್ತಾಳೆ. ಯೋಚನೆಯೂ ಅವಳದೇ, ಸಿಟ್ಟೂ ಅವಳದೇ. ಆದರೆ ಆಕೆ ಪಟ್ಟಣದ ಅನುಕೂಲಸ್ಥರ ಮನೆಯವಳು. ಪುಸ್ತಕ ಹೊರಬಂದ ಮರುವರ್ಷ, 1956ರ ಡಿಸೆಂಬರಿನಲ್ಲಿ, ಹೈಕಲ್ ತೀರಿಕೊಂಡರು.